ಒಂದು ಚುಕ್ಕಿಯ ಕೆಲಸ: ಸಾಫ್ಟ್‌ವೇರ್ ಪುಟಗಳಲ್ಲಿ ಲಿಂಕುಗಳು ದಾರಿ ತಪ್ಪುವುದು ಯಾಕೆ

ಅಕ್ಟೋಬರ್ ಬಂದರೆ ಮುಂಬೈನ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಒಂದು ಹುರುಪು. ಹ್ಯಾಕ್ಟೋಬರ್‌ಫೆಸ್ಟ್ ಅಂತ ಒಂದು ವಾರ್ಷಿಕ ಕಾರ್ಯಕ್ರಮ ಇದೆ. ಡಿಜಿಟಲ್‌ಓಶನ್ ಎಂಬ ಕಂಪನಿ 2014ರಲ್ಲಿ ಶುರು ಮಾಡಿದ್ದು. ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್‌ಗಳಲ್ಲಿ ತಪ್ಪು ಕಂಡರೆ ತಿದ್ದಿ, ಅದನ್ನು ನೋಡಿಕೊಳ್ಳುವವರಿಗೆ ಕಳಿಸಬೇಕು. ಅವರು ಒಪ್ಪಿದರೆ ನಿಮ್ಮ ತಿದ್ದುಪಡಿ ಸೇರಿಕೊಳ್ಳುತ್ತದೆ. ಮೊದಲ ಸಲ ಕೈ ಹಾಕುವವರಲ್ಲಿ ಎಷ್ಟೋ ಜನ ಪ್ರೋಗ್ರಾಮನ್ನು ಮುಟ್ಟುವುದಿಲ್ಲ. ಅದರ ಜೊತೆಗಿರುವ ವಿವರಣೆಯ ಪುಟಗಳನ್ನು, ಅಂದರೆ ಡಾಕ್ಯುಮೆಂಟೇಶನ್ ಅನ್ನು ಹಿಡಿಯುತ್ತಾರೆ.

ಮಾಟುಂಗಾದಲ್ಲಿ ನಾನು ಕಾಫಿ ಕುಡಿಯುವ ಹೋಟೆಲಿನ ಗಲ್ಲಾದಲ್ಲಿ ಕೂರುವವರು ಕಾರ್ಕಳದ ಕಡೆಯವರು. ಅವರ ಮಗಳು ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊನ್ನೆ ಬಿಲ್ ಕೊಡುವಾಗ ಅವರು ಕೇಳಿದರು: "ಎಂತ ಮಾರಾಯ್ರೆ, ನಮ್ಮ ಹುಡುಗಿ ರಾತ್ರಿ ಎರಡು ಗಂಟೆ ತನಕ ಕೂತು ಒಂದು ಚುಕ್ಕಿ ಹಾಕಿದ್ಳಂತೆ. ಅದಕ್ಕೆ ಹೊರದೇಶದಿಂದ ಯಾರೋ ಥ್ಯಾಂಕ್ಸ್ ಹೇಳಿದ್ದಾರಂತೆ. ಒಂದು ಚುಕ್ಕಿ ಹಾಕ್ಲಿಕ್ಕೆ ಇಂಜಿನಿಯರಿಂಗ್ ಯಾಕೆ?"

ಇಂಥ ಪುಟಗಳನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ಆದರೆ ಗಲ್ಲಾದ ಮುಂದೆ ನಿಂತು ಹೇಳಿ ಮುಗಿಯುವ ಮಾತಲ್ಲ ಅದು. ನನ್ನ ಹಿಂದೆ ಮೂರು ಜನ ಬಿಲ್ ಹಿಡಿದು ನಿಂತಿದ್ದರು. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

## ಲೈಬ್ರರಿ ಮತ್ತು ಅದರ ಪುಟಗಳು

ಸಾಫ್ಟ್‌ವೇರ್ ಲೈಬ್ರರಿ ಅಂದರೆ ಪುಸ್ತಕಾಲಯ ಅಲ್ಲ. ಯಾರೋ ಮೊದಲೇ ಬರೆದಿಟ್ಟ, ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಸೇರಿಸಿಕೊಳ್ಳಬಹುದಾದ ತುಣುಕುಗಳ ಕಟ್ಟು. ಪ್ರತಿ ಮನೆಯಲ್ಲೂ ಈಗ ಸಾರಿನ ಪುಡಿ ಹುರಿದು ಕುಟ್ಟುವುದಿಲ್ಲ, ಪ್ಯಾಕೆಟ್ ತರುತ್ತಾರೆ ಅಲ್ವಾ, ಹಾಗೆ. ಪ್ಯಾಕೆಟ್ಟಿನ ಹಿಂದೆ "ಎರಡು ಚಮಚ ಹಾಕಿ, ಐದು ನಿಮಿಷ ಕುದಿಸಿ" ಎಂದು ಬರೆದಿರುತ್ತದೆ. ಅದೇ ಡಾಕ್ಯುಮೆಂಟೇಶನ್. ವ್ಯತ್ಯಾಸ ಇಷ್ಟೇ: ಇಲ್ಲಿ ಪ್ಯಾಕೆಟ್ಟಿನ ಹಿಂಭಾಗ ಸಾವಿರಾರು ಪುಟ ಇರಬಹುದು.

ಅಷ್ಟು ಪುಟಗಳನ್ನು ಯಾರೂ ಸಾಲಾಗಿ ಓದುವುದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತಾ ಓದುತ್ತಾರೆ. ನಿಘಂಟಿನಲ್ಲಿ ಒಂದು ಪದ ತೆಗೆದರೆ ಅರ್ಥದ ಬದಲು 'ನೋಡಿ' ಎಂದು ಇನ್ನೊಂದು ಪದ ಕೊಟ್ಟಿರುತ್ತಾರಲ್ಲ, ಅಂಥದ್ದು. ಈ 'ನೋಡಿ'ಗೆ ಕ್ರಾಸ್ ರೆಫರೆನ್ಸ್ ಎಂದು ಹೆಸರು. ತೆರೆಯ ಮೇಲೆ ಅದು ಒಂದು ಲಿಂಕ್, ಅಷ್ಟೇ. ಒತ್ತಿದರೆ ಆ ಜಾಗಕ್ಕೆ ಹೋಗುತ್ತೀರಿ. ಹೋಗಬೇಕು.

## ಬರೆಯುವುದು ವಿಳಾಸವನ್ನಲ್ಲ, ಹೆಸರನ್ನು

ಎಲ್ಲರೂ ಎಡವುವುದು ಇಲ್ಲೇ. ಲಿಂಕ್ ಎಂದರೆ ಒಂದು ವಿಳಾಸ ಎಂದುಕೊಳ್ಳುತ್ತೇವೆ. ಡಾಕ್ಯುಮೆಂಟೇಶನ್‌ನಲ್ಲಿ ಬರೆಯುವವರು ಸಾಮಾನ್ಯವಾಗಿ ವಿಳಾಸ ಬರೆಯುವುದೇ ಇಲ್ಲ. ಒಂದು ಹೆಸರು ಬರೆಯುತ್ತಾರೆ, ಜೊತೆಗೆ ಅದು ಯಾವ ಜಾತಿಯ ವಸ್ತು ಎಂಬುದನ್ನು ಬರೆಯುತ್ತಾರೆ. ವಿಳಾಸ ಹುಡುಕುವುದು ಒಂದು ಸಲಕರಣೆಯ ಕೆಲಸ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೋಕದಲ್ಲಿ ಆ ಸಲಕರಣೆಯ ಹೆಸರು ಸ್ಫಿಂಕ್ಸ್. ಗೇಯೊರ್ಗ್ ಬ್ರಾಂಡ್ಲ್ ಅದನ್ನು ಪೈಥಾನ್ ಭಾಷೆಯ ಸ್ವಂತ ಪುಟಗಳಿಗಾಗಿ ಬರೆದರು, 2008ರಲ್ಲಿ ಬಿಡುಗಡೆಯಾಯಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕೂಡ 2016ರಲ್ಲಿ ತನ್ನ ಪುಟಗಳನ್ನು ಇದಕ್ಕೆ ಬದಲಿಸಲು ಶುರು ಮಾಡಿತು. ಸ್ಫಿಂಕ್ಸ್ ಮೊದಲು ಎಲ್ಲ ಪುಟಗಳನ್ನೂ ಓದಿ ಒಂದು ಪಟ್ಟಿ ಮಾಡಿಕೊಳ್ಳುತ್ತದೆ: ಇಂಥ ಹೆಸರು, ಇಂಥ ಜಾತಿ, ಇಂಥ ಪುಟ, ಆ ಪುಟದಲ್ಲಿ ಇಂಥ ಜಾಗ. ಆಮೇಲೆ ನೀವು ಬರೆದ ಪ್ರತಿ ಹೆಸರನ್ನೂ ಆ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಲಿಂಕ್ ಆಗುತ್ತದೆ.

ಈ ಪಟ್ಟಿ ಒಂದು ಫೈಲಾಗಿ ವೆಬ್‌ಸೈಟಿನಲ್ಲೇ ಕೂತಿರುತ್ತದೆ. ಅದನ್ನು ಇನ್ವೆಂಟರಿ ಎನ್ನುತ್ತಾರೆ. ಇನ್ನೊಂದು ಲೈಬ್ರರಿಯವರು ಅದನ್ನು ಇಳಿಸಿಕೊಂಡು, ತಮ್ಮ ಪುಟದಿಂದ ನಿಮ್ಮ ಪುಟಕ್ಕೆ ಲಿಂಕ್ ಕೊಡಬಹುದು. ಆ ಸೌಲಭ್ಯದ ಹೆಸರು ಇಂಟರ್‌ಸ್ಫಿಂಕ್ಸ್.

ಟ್ಯಾಕ್ಸಿ ಹತ್ತಿ "ವಿಟಿ" ಎಂದರೆ ಸಾಕು, ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ ಪೂರ್ತಿ ವಿಳಾಸ ಹೇಳುವುದಿಲ್ಲ. ಡ್ರೈವರ್ ತಲೆಯಲ್ಲಿ ಪಟ್ಟಿ ಇದೆ. ಲಿಂಕ್ ಕೆಡುವ ಕಥೆಯಲ್ಲಿ ಬಹುಪಾಲು ಈ ಎರಡರ ಜಗಳವೇ: ನೀವು ಹೇಳಿದ ಹೆಸರು ಒಂದು, ಪಟ್ಟಿಯಲ್ಲಿರುವ ಹೆಸರು ಇನ್ನೊಂದು.

## ಹೆಸರು ಬದಲಾಯಿತು

ವಿಟಿ 1996ರಲ್ಲಿ ಸಿಎಸ್‌ಟಿ ಆಯಿತು, 2017ರಲ್ಲಿ ಸಿಎಸ್‌ಎಂಟಿ ಆಯಿತು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ 2018ರಲ್ಲಿ ಪ್ರಭಾದೇವಿ ಆಯಿತು. ಆದರೂ ಹಳೆಯ ಹೆಸರು ಹೇಳಿದವರು ಯಾರೂ ದಾರಿ ತಪ್ಪಿಲ್ಲ. ಜನರ ತಲೆಯಲ್ಲಿ ಹಳೆಯದೂ ಹೊಸದೂ ಜೋಡಿಸಿಕೊಂಡೇ ಇರುತ್ತವೆ. ಸ್ಫಿಂಕ್ಸ್‌ಗೆ ಆ ಬುದ್ಧಿ ಇಲ್ಲ. ಪಟ್ಟಿಯಲ್ಲಿ 'ಪ್ರಭಾದೇವಿ' ಇದ್ದು ನೀವು 'ಎಲ್ಫಿನ್‌ಸ್ಟನ್' ಎಂದರೆ ಅದರ ಮಟ್ಟಿಗೆ ಅಂಥ ಸ್ಟೇಷನ್ ಇಲ್ಲ.

ಪೈಥಾನ್ 3 ಬಂದಾಗ ಹೀಗೇ ಆಯಿತು. ಅದು 2008ರ ಡಿಸೆಂಬರ್. ವೆಬ್ ಪುಟಗಳನ್ನು ತರಿಸಿಕೊಳ್ಳುವ 'ಯುಆರ್‌ಎಲ್‌ಲಿಬ್2' ಎಂಬ ಭಾಗವನ್ನು ಒಡೆದು 'ಯುಆರ್‌ಎಲ್‌ಲಿಬ್.ರಿಕ್ವೆಸ್ಟ್', 'ಯುಆರ್‌ಎಲ್‌ಲಿಬ್.ಎರರ್' ಎಂದು ಎರಡು ಮಾಡಿದರು. ಹಳೆಯ ಹೆಸರಿಗೆ ಲಿಂಕ್ ಕೊಟ್ಟವರಿಗೆ ಬರೀ ಹೆಸರು ಬದಲಿಸಿದರೆ ಸಾಲದು. ಎರಡರಲ್ಲಿ ಯಾವುದು ಎಂದೂ ಯೋಚಿಸಬೇಕು. ಈ ಬಗೆಯ ತಪ್ಪನ್ನು 'ಹುಡುಕು, ಬದಲಿಸು' ಎಂದು ಒಂದೇ ಏಟಿಗೆ ಸರಿ ಮಾಡಲು ಹೋದವರು ಜಾಸ್ತಿ ಕೆಡಿಸಿರುತ್ತಾರೆ.

## ಅಡುಗೆಮನೆಯ ಬಾಗಿಲು

ಇದು ಸ್ವಲ್ಪ ಸೂಕ್ಷ್ಮ, ನನ್ನ ಅನುಭವದಲ್ಲಿ ಅತಿ ಹೆಚ್ಚು ತಲೆ ತಿನ್ನುವುದೂ ಇದೇ.

ಹೋಟೆಲಿಗೆ ಎರಡು ಬಾಗಿಲು. ಮುಂದಿನದು ಗಿರಾಕಿಗಳಿಗೆ, ಬೋರ್ಡು ಇರುವುದು ಅಲ್ಲೇ. ಹಿಂದಿನ ಗಲ್ಲಿಯಲ್ಲಿ ಅಡುಗೆಮನೆಯ ಬಾಗಿಲು, ಹಾಲು ತರಕಾರಿ ಬರುವುದು ಅಲ್ಲಿಂದ. ದೋಸೆ ಹುಟ್ಟುವುದು ಅಡುಗೆಮನೆಯಲ್ಲಿ, ಆದರೆ ಗಿರಾಕಿಗೆ ಸಿಗುವುದು ಮುಂದಿನ ಹಾಲ್‌ನಲ್ಲಿ.

ಲೈಬ್ರರಿಗಳೂ ಹೀಗೆ. ಲೆಕ್ಕದ ಕೋಷ್ಟಕಗಳಿಗೆ ಬಳಸುವ ಪಾಂಡಾಸ್ ಎಂಬ ಲೈಬ್ರರಿ ತೆಗೆದುಕೊಳ್ಳಿ. ಅದರ ಮುಖ್ಯ ವಸ್ತು ಡೇಟಾಫ್ರೇಮ್. ಬಳಸುವವರಿಗೆ ಗೊತ್ತಿರುವ ಹೆಸರು 'ಪಾಂಡಾಸ್.ಡೇಟಾಫ್ರೇಮ್'. ಪುಟಗಳ ಪಟ್ಟಿಯಲ್ಲೂ ಇದೇ ಇದೆ. ಆದರೆ ಅದು ನಿಜವಾಗಿ ಬರೆದಿರುವುದು ಒಳಗಿನ ಒಂದು ಫೈಲಿನಲ್ಲಿ: 'ಪಾಂಡಾಸ್.ಕೋರ್.ಫ್ರೇಮ್'. ಪೈಥಾನ್‌ನಲ್ಲಿ ಪ್ರತಿ ಕ್ಲಾಸೂ, ಅಂದರೆ ಡೇಟಾಫ್ರೇಮ್‌ನಂಥ ವಸ್ತುಗಳನ್ನು ಮಾಡುವ ಅಚ್ಚು, ತಾನು ಹುಟ್ಟಿದ ಜಾಗ ನೆನಪಿಟ್ಟುಕೊಂಡಿರುತ್ತದೆ. ನಿಮ್ಮ ಪುಟಗಳನ್ನು ಸಲಕರಣೆಯೇ ತಯಾರಿಸುವಾಗ "ಇದು ಯಾವ ವಸ್ತು?" ಎಂದು ಕ್ಲಾಸನ್ನೇ ಕೇಳುತ್ತದೆ. ಬಹಳ ಕಾಲ ಡೇಟಾಫ್ರೇಮ್ ತನ್ನ ಅಡುಗೆಮನೆಯ ವಿಳಾಸವನ್ನೇ ಹೇಳುತ್ತಿತ್ತು: 'ಪಾಂಡಾಸ್.ಕೋರ್.ಫ್ರೇಮ್.ಡೇಟಾಫ್ರೇಮ್'. ಪಟ್ಟಿಯಲ್ಲಿ ಆ ಹೆಸರಿಲ್ಲ. ಲಿಂಕ್ ಆಗುವುದಿಲ್ಲ.

ಇಲ್ಲಿ ಯಾರೂ ತಪ್ಪು ಬರೆದಿಲ್ಲ ಎಂಬುದನ್ನು ಗಮನಿಸಿ. ಯಾರೂ ಏನೂ ಬರೆದೇ ಇಲ್ಲ, ಹೆಸರನ್ನು ಯಂತ್ರವೇ ಹಾಕಿದ್ದು. ಇದಕ್ಕೆ ಒಳ್ಳೆಯ ಮದ್ದು ಲೈಬ್ರರಿಯೊಳಗೇ ಇದೆ. "ಕೇಳಿದವರಿಗೆ ಮುಂದಿನ ಬಾಗಿಲಿನ ಹೆಸರು ಹೇಳು" ಎಂದು ಕ್ಲಾಸಿಗೆ ಒಂದು ಸಾಲಿನಲ್ಲಿ ಕಲಿಸಿಕೊಡಬಹುದು. ಬೇರೆಯವರ ಲೈಬ್ರರಿಯಾದರೆ, ನಮ್ಮ ಕಡೆ ಒಂದು ಸಣ್ಣ ಕೋಷ್ಟಕ ಇಟ್ಟುಕೊಂಡು ಹಿಂದಿನ ಬಾಗಿಲಿನ ಹೆಸರನ್ನು ಮುಂದಿನದಕ್ಕೆ ಬದಲಿಸಿಕೊಳ್ಳಬೇಕು.

ರಸ್ಟ್ ಭಾಷೆಯವರೂ ಇದರ ಅಣ್ಣತಮ್ಮನ ಜೊತೆ ಒದ್ದಾಡಿದ್ದಾರೆ. ಅಲ್ಲಿ ಒಂದೇ ವಸ್ತುವಿನ ವಿವರಣೆ ಎರಡು ಕಡೆ ಕಾಣಿಸಿಕೊಳ್ಳಬಹುದು. ಮೊದಲು ಬರೆಯುವವರು "ಎರಡು ಮೆಟ್ಟಿಲು ಹಿಂದೆ ಹೋಗಿ, ಬಲಕ್ಕೆ ತಿರುಗಿ" ಎಂಬಂತೆ ಪುಟದ ದಾರಿಯನ್ನು ಕೈಯಿಂದ ಬರೆಯುತ್ತಿದ್ದರು. ಒಂದು ಜಾಗದಿಂದ ಸರಿ ಇದ್ದ ದಾರಿ ಇನ್ನೊಂದು ಜಾಗದಿಂದ ತಪ್ಪಾಗುತ್ತಿತ್ತು. 2020ರ ನವೆಂಬರ್‌ನಲ್ಲಿ ಬಂದ 1.48ನೇ ಆವೃತ್ತಿಯಿಂದ ಅಲ್ಲೂ ದಾರಿ ಬಿಟ್ಟು ಹೆಸರು ಬರೆದರೆ ಸಾಕಾಯಿತು.

## ಹೆಸರು ಸರಿ, ಕಿಟಕಿ ತಪ್ಪು

ಸ್ಟೇಷನ್ನಿನಲ್ಲಿ ಪಾಸ್ ಕೊಡುವ ಕಿಟಕಿ ಬೇರೆ, ರಿಸರ್ವೇಶನ್ ಕಿಟಕಿ ಬೇರೆ. ತಪ್ಪು ಕ್ಯೂನಲ್ಲಿ ನಿಂತರೆ ಅರ್ಧ ಗಂಟೆ ಆದ ಮೇಲೆ "ಇಲ್ಲಿ ಸಿಗಲ್ಲ" ಎನ್ನುತ್ತಾರೆ. ಪೈಥಾನ್‌ನ 'ಎನ್ಯುಮರೇಟ್' ಹೀಗೆ ಕಾಡಿಸುತ್ತದೆ. ಭಾಷೆಯ ಒಳಗೆ ಅದು ಕ್ಲಾಸ್. ಪುಟಗಳಲ್ಲಿ ಅದನ್ನು ಫಂಕ್ಷನ್, ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ತುಣುಕು, ಎಂದು ದಾಖಲಿಸಿದ್ದಾರೆ. ನೀವು 'ಕ್ಲಾಸ್ ಎನ್ಯುಮರೇಟ್' ಎಂದು ಲಿಂಕ್ ಕೊಟ್ಟರೆ ಪಟ್ಟಿಯ ಕ್ಲಾಸ್ ಸಾಲಿನಲ್ಲಿ ಅದು ಇಲ್ಲ. ಜಾತಿ ಬದಲಿಸಿದರೆ ಮುಗಿಯಿತು.

## ಮಾಟುಂಗಾದಲ್ಲಿ ಎರಡು ಸಭಾಂಗಣ

ಈಗ ಆ ಚುಕ್ಕಿಗೆ ಬರೋಣ.

"ಮಾಟುಂಗಾದಲ್ಲಿ ಕನ್ನಡ ಕಾರ್ಯಕ್ರಮ, ಸಂಜೆ ಬಾ" ಎಂದು ಯಾರಾದರೂ ಕರೆದರೆ ಮುಂಬೈ ಕನ್ನಡಿಗರು ಒಂದು ಕ್ಷಣ ತಡೆಯುತ್ತಾರೆ. ಪೂರ್ವದಲ್ಲಿ, ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್ ಕಡೆ ಮೈಸೂರು ಅಸೋಸಿಯೇಷನ್ ಇದೆ. ಪಶ್ಚಿಮದಲ್ಲಿ, ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಸ್ಟೇಷನ್ ಕಡೆ ಕರ್ನಾಟಕ ಸಂಘ ಇದೆ. ನಾನು ಒಮ್ಮೆ ತಪ್ಪು ಕಡೆ ಹೋಗಿ ಕೂತಿದ್ದೇನೆ. ಬಾಗಿಲು ತೆರೆದಿತ್ತು, ಕನ್ನಡ ಕೇಳಿಸುತ್ತಿತ್ತು, ಯಾರೋ ಕಾಫಿ ಕೂಡ ಕೊಟ್ಟರು. ಕಾಲು ಗಂಟೆ ಆದ ಮೇಲೆ ವೇದಿಕೆಯಲ್ಲಿ ನನಗೆ ಬೇಕಾದವರು ಇಲ್ಲ ಎಂದು ಗೊತ್ತಾಯಿತು.

ಲಿಂಕ್‌ಗಳಲ್ಲೂ ಅತಿ ಕೆಟ್ಟದ್ದು ಇದು. ತೆರೆಯದ ಲಿಂಕ್ ತಾನು ಕೆಟ್ಟಿದ್ದೇನೆ ಎಂದು ಹೇಳುತ್ತದೆ. ತಪ್ಪು ಜಾಗಕ್ಕೆ ಹೋಗುವ ಲಿಂಕ್ ನಗುನಗುತ್ತಾ ಬಾಗಿಲು ತೆರೆಯುತ್ತದೆ.

ಸ್ಫಿಂಕ್ಸ್‌ನ ಕೈಪಿಡಿಯೇ ಇದಕ್ಕೊಂದು ಉದಾಹರಣೆ ಕೊಡುತ್ತದೆ. ಫೈಲ್ ತೆರೆಯಲು ಪೈಥಾನ್‌ನಲ್ಲೇ 'ಓಪನ್' ಎಂಬ ಫಂಕ್ಷನ್ ಇದೆ. ಲಿಪಿಗಳ ಸಂಕೇತ ನೋಡಿಕೊಳ್ಳುವ 'ಕೊಡೆಕ್ಸ್' ಎಂಬ ಭಾಗದಲ್ಲೂ ಒಂದು 'ಓಪನ್' ಇದೆ. ಕೊಡೆಕ್ಸ್‌ನ ಪುಟದಲ್ಲಿ ಕೂತು ಬರೀ 'ಓಪನ್' ಎಂದು ಬರೆದರೆ ಲಿಂಕ್ ಯಾವುದಕ್ಕೆ ಹೋಗಬೇಕು? ಮನೆಯವರು ಮನೆಯೊಳಗೆ 'ಅಡುಗೆಮನೆ' ಎಂದರೆ ಆ ಮನೆಯದೇ ಅಲ್ವಾ. ಸ್ಫಿಂಕ್ಸ್‌ನ ಕ್ರಮ ಉಲ್ಟಾ. ಅದು ಮೊದಲು ಬರೆದ ಹೆಸರನ್ನು ಹಾಗೇ ಹುಡುಕುತ್ತದೆ. ಸಿಗದಿದ್ದರೆ ಮಾತ್ರ ಈಗಿರುವ ಭಾಗದ ಹೆಸರನ್ನು ಮುಂದೆ ಸೇರಿಸಿ ಹುಡುಕುತ್ತದೆ, ಆಮೇಲೆ ಕ್ಲಾಸಿನ ಹೆಸರನ್ನೂ ಸೇರಿಸಿ. ಹಾಗಾಗಿ ಬರೀ 'ಓಪನ್' ಎಂದರೆ ಪೈಥಾನ್‌ನ ಸಾಮಾನ್ಯ ಓಪನ್‌ಗೆ ಹೋಗುತ್ತದೆ. ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟು '.ಓಪನ್' ಎಂದರೆ ಹುಡುಕುವ ಕ್ರಮ ತಿರುಗುತ್ತದೆ, ಹತ್ತಿರದ್ದು ಮೊದಲು ಸಿಗುತ್ತದೆ.

ಗಲ್ಲಾದವರ ಮಗಳು ಹಾಕಿದ್ದು ಈ ಚುಕ್ಕಿಯನ್ನೇ. ಅವಳು ಹಿಡಿದ ಲೈಬ್ರರಿಯಲ್ಲೂ ಸ್ವಂತ 'ಓಪನ್' ಒಂದಿತ್ತು. ಅದರ ಪುಟದಿಂದ ಲಿಂಕ್ ಮಾತ್ರ ಪೈಥಾನ್‌ನ ಓಪನ್‌ಗೆ ಹೋಗುತ್ತಿತ್ತು. ಎರಡೂ ಫೈಲ್ ತೆರೆಯುವ ವಿಷಯವೇ ಆದ್ದರಿಂದ ನೋಡಿದವರಿಗೆ ಅನುಮಾನ ಬರುವುದು ಕಷ್ಟ.

ಚುಕ್ಕಿಗೂ ಅದರದೇ ತೊಂದರೆ ಇದೆ. ಹತ್ತಿರದಲ್ಲಿ ಆ ಹೆಸರು ಸಿಗದಿದ್ದರೆ, ಆ ಹೆಸರಿನಿಂದ ಕೊನೆಯಾಗುವ ಯಾವುದಾದರೂ ಇದೆಯೇ ಎಂದು ಸ್ಫಿಂಕ್ಸ್ ಇಡೀ ಪಟ್ಟಿ ಜಾಲಾಡುತ್ತದೆ. ಎರಡು ಮೂರು ಸಿಕ್ಕರೆ "ಒಂದಕ್ಕಿಂತ ಹೆಚ್ಚು ಸಿಕ್ಕಿವೆ" ಎಂದು ಗೊಣಗಿ ಮೊದಲನೆಯದಕ್ಕೆ ಲಿಂಕ್ ಕೊಟ್ಟುಬಿಡುತ್ತದೆ. ದಾದರ್‌ನಲ್ಲಿ ಹಿಂದೆ ವೆಸ್ಟರ್ನ್‌ಗೂ ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇತ್ತು, ಸೆಂಟ್ರಲ್‌ಗೂ ಇತ್ತು. ಸೂಟ್‌ಕೇಸ್ ಹಿಡಿದು ತಪ್ಪು 'ಒಂದನೇ ನಂಬರ್'ನಲ್ಲಿ ನಿಂತವರು ಎಷ್ಟೋ. 2023ರ ಡಿಸೆಂಬರ್‌ನಲ್ಲಿ ಸೆಂಟ್ರಲ್ ಕಡೆಯವುಗಳಿಗೆ 8ರಿಂದ 14 ಎಂದು ಹೊಸ ನಂಬರ್ ಕೊಟ್ಟರು. ಲಿಂಕಿಗೂ ಅದೇ ಮದ್ದು. ಗೊಂದಲ ಇದ್ದಲ್ಲಿ ಚುಕ್ಕಿ ಬಿಟ್ಟು ಪೂರ್ತಿ ಹೆಸರು ಬರೆಯುವುದು ಒಳ್ಳೆಯದು. ಓದುವವರಿಗೆ ಉದ್ದ ಕಾಣುತ್ತದೆ ಎಂಬ ಚಿಂತೆ ಬೇಡ. ಹೆಸರಿನ ಮುಂದೆ ಅಲೆಯಂಥ ಒಂದು ಗುರುತು ಹಾಕಿದರೆ ಪುಟದಲ್ಲಿ ಕೊನೆಯ ತುಂಡು ಮಾತ್ರ ಕಾಣುತ್ತದೆ, ಲಿಂಕ್ ಪೂರ್ತಿ ಹೆಸರಿಗೇ ಹೋಗುತ್ತದೆ.

## ಗೇಟಿನ ತನಕ ಮಾತ್ರ

ಇನ್ನೊಂದು ಬಗೆ ಇದೆ, ಕೈಯಿಂದ ಬರೆದ ಪೂರ್ತಿ ವೆಬ್ ವಿಳಾಸಗಳದ್ದು. ಡೊಂಬಿವಲಿಯಲ್ಲಿ ರಿಕ್ಷಾದವನಿಗೆ ಸೊಸೈಟಿಯ ಹೆಸರು ಹೇಳಿದರೆ ಗೇಟಿನ ಹತ್ತಿರ ಬಿಡುತ್ತಾನೆ. ಫ್ಲಾಟ್ ನಂಬರ್ ಅವನಿಗೆ ಬೇಡ, ಅದು ನಿಮ್ಮ ಕೆಲಸ. ವೆಬ್ ವಿಳಾಸದಲ್ಲಿ ಹ್ಯಾಶ್ ಗುರುತಿನ ನಂತರ ಬರುವ ಭಾಗ ಈ ಫ್ಲಾಟ್ ನಂಬರ್ ಇದ್ದ ಹಾಗೆ. ಬ್ರೌಸರ್ ಅದನ್ನು ಸರ್ವರ್‌ಗೆ ಕಳಿಸುವುದೇ ಇಲ್ಲ. ಪುಟ ಬಂದ ಮೇಲೆ ಆ ಹೆಸರಿನ ಜಾಗವನ್ನು ತಾನೇ ಹುಡುಕುತ್ತದೆ. ಸಿಗದಿದ್ದರೆ ಸುಮ್ನೆ ಪುಟದ ಮೇಲ್ತುದಿಯಲ್ಲಿ ನಿಲ್ಲುತ್ತದೆ. 'ಪುಟ ಸಿಗಲಿಲ್ಲ' ಎನ್ನುವ 404 ಇಲ್ಲ, ದೂರು ಇಲ್ಲ.

ತಲೆಬರಹ ತಿದ್ದಿದಾಗ ಇದು ಆಗುವುದು ಜಾಸ್ತಿ, ಯಾಕೆಂದರೆ ಆ 'ಫ್ಲಾಟ್ ನಂಬರ್' ಅನ್ನು ತಲೆಬರಹದ ಪದಗಳಿಂದಲೇ ತಯಾರಿಸುವ ಸಲಕರಣೆಗಳು ಬಹಳ. "ಶುರು ಮಾಡುವುದು" ಎಂಬುದನ್ನು "ಮೊದಲ ಹೆಜ್ಜೆ" ಎಂದು ಚಂದ ಮಾಡಿದಿರಿ, ಅಲ್ಲಿಗೆ ಕೊಟ್ಟ ಲಿಂಕುಗಳೆಲ್ಲ ಗೇಟಿನಲ್ಲೇ ಉಳಿದವು. ಸ್ಫಿಂಕ್ಸ್‌ನಲ್ಲಿ ಇದಕ್ಕೆ ಪರಿಹಾರ, ತಲೆಬರಹದ ಮೇಲೆ ಬದಲಾಗದ ಒಂದು ಗುಟ್ಟಿನ ಹೆಸರು ಬರೆದಿಟ್ಟು ಅದಕ್ಕೇ ಲಿಂಕ್ ಕೊಡುವುದು. ಅದನ್ನು ಲೇಬಲ್ ಎನ್ನುತ್ತಾರೆ. ತಲೆಬರಹ ಎಷ್ಟು ಸಲ ಬದಲಾದರೂ ಲೇಬಲ್ ಹಾಗೇ ಇರುತ್ತದೆ.

## ಮೊಸರಲ್ಲಿ ಕಲ್ಲು

ತಪ್ಪುಗಳನ್ನು ಹಿಡಿಯುವುದು ಹೇಗೆ? ಒಂದು ವಿಚಿತ್ರ ಗೊತ್ತಿರಲಿ. ಪೈಥಾನ್ ಹೆಸರೊಂದು ಪಟ್ಟಿಯಲ್ಲಿ ಸಿಗದಿದ್ದರೆ ಸ್ಫಿಂಕ್ಸ್ ಮಾಮೂಲಾಗಿ ಏನೂ ಹೇಳುವುದಿಲ್ಲ. ಆ ಪದವನ್ನು ಲಿಂಕ್ ಇಲ್ಲದೆ ಹಾಗೇ ಮುದ್ರಿಸಿ ಮುಂದೆ ಹೋಗುತ್ತದೆ. ಪುಟ ಸರಿಯಾಗೇ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಅದರ ಬಾಯಿ ಬಿಡಿಸಲು 'ನಿಟ್‌ಪಿಕಿ' ಎಂಬ ಆಯ್ಕೆ ಇದೆ. ನಮ್ಮ ಮಾತಿನಲ್ಲಿ ಮೊಸರಲ್ಲಿ ಕಲ್ಲು ಹುಡುಕುವುದು. ಅದನ್ನು ಹಾಕಿದರೆ ಸಿಗದ ಪ್ರತಿ ಹೆಸರಿಗೂ ಎಚ್ಚರಿಕೆಯ ಒಂದು ಸಾಲು ಬರುತ್ತದೆ. ಹಳೆಯ ಲೈಬ್ರರಿಯಲ್ಲಿ ಮೊದಲ ಸಲ ಹಾಕಿದವರು ಗಾಬರಿಯಾಗುತ್ತಾರೆ, ಸಾಲುಗಳು ಸುರಿಯುತ್ತಲೇ ಇರುತ್ತವೆ. ಎಚ್ಚರಿಕೆ ಬಂದರೆ ಪುಟಗಳ ತಯಾರಿಯೇ ವಿಫಲವಾಗಲಿ ಎಂದು ಕಟ್ಟುನಿಟ್ಟು ಮಾಡುವ ಆಯ್ಕೆಯೂ ಇದೆ.

ಹೊರಗಿನ ವಿಳಾಸಗಳಿಗೆ 'ಲಿಂಕ್‌ಚೆಕ್' ಎಂಬ ಬೇರೆ ತಪಾಸಣೆ. ಅದು ಪ್ರತಿ ವಿಳಾಸಕ್ಕೂ ಹೋಗಿ ಬಾಗಿಲು ತಟ್ಟಿ ಬರುತ್ತದೆ, ಹ್ಯಾಶ್‌ನ ನಂತರದ ಜಾಗವೂ ಇದೆಯೇ ಎಂದು ನೋಡುತ್ತದೆ. ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ ಲೋಕದಲ್ಲಿ 2014ರ ಜಾವಾ 8 ಜೊತೆ ಇಂಥದ್ದೇ ತಪಾಸಣೆ ಬಂತು. ಅಲ್ಲಿಯತನಕ ಸುಮ್ಮನೆ ನಡೆಯುತ್ತಿದ್ದ ಎಷ್ಟೋ ಪ್ರಾಜೆಕ್ಟುಗಳ ಪುಟಗಳು ತಯಾರಾಗದೆ ನಿಂತವು. ಬೈದವರೂ ಬಹಳ.

ಆದರೆ ಇವು ಯಾವುವೂ ಮಾಟುಂಗಾದ ತಪ್ಪನ್ನು ಹಿಡಿಯುವುದಿಲ್ಲ. ಹೆಸರು ಪಟ್ಟಿಯಲ್ಲಿದೆ, ಪುಟ ತೆರೆಯುತ್ತದೆ. ಯಂತ್ರದ ಲೆಕ್ಕದಲ್ಲಿ ಎಲ್ಲ ಸರಿ. ಒತ್ತಿ, ಓದಿ, "ಇದು ಅದಲ್ಲ" ಎನ್ನಲು ಒಬ್ಬ ಮನುಷ್ಯ ಬೇಕು.

## ತಿದ್ದುವುದು ಎಲ್ಲಿ

ಹೊಸಬರು ತಪ್ಪು ಕಂಡ ವೆಬ್ ಪುಟದ ಫೈಲನ್ನೇ ಹುಡುಕುತ್ತಾ ಕೂರುತ್ತಾರೆ. ಅದು ಸಿಗುವುದಿಲ್ಲ. ಆ ಪುಟ ತಯಾರಾದದ್ದು, ಮೂಲ ಬೇರೆ ಕಡೆ ಇದೆ. ಎಷ್ಟೋ ಸಲ ವಿವರಣೆ ಪ್ರೋಗ್ರಾಮಿನ ಒಳಗೇ, ಆಯಾ ಫಂಕ್ಷನ್ನಿನ ಮೊದಲ ಸಾಲುಗಳಾಗಿ ಬರೆದಿರುತ್ತದೆ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕಾಗಬಹುದು. ಒಂದು ಕ್ಲಾಸ್ ಇನ್ನೊಂದರಿಂದ ಹುಟ್ಟಿದ್ದರೆ ತಾಯಿಯ ವಿವರಣೆ ಮಗುವಿನ ಪುಟಕ್ಕೂ ನಕಲಾಗುತ್ತದೆ. ತಾಯಿ ಬೇರೆ ಲೈಬ್ರರಿಯವಳಾಗಿದ್ದರೆ ಅಲ್ಲಿನ ಗಿಡ್ಡ ಹೆಸರುಗಳು ಇಲ್ಲಿ ಅರ್ಥ ಕಳೆದುಕೊಳ್ಳುತ್ತವೆ. ಇಲ್ಲಿ ನೂರು ಕಡೆ ಕಾಣುವ ತಪ್ಪು ಅಲ್ಲಿ ಒಂದೇ ಸಾಲು. ಅಲ್ಲಿಗೇ ತಿದ್ದುಪಡಿ ಕಳಿಸುವುದು ಸರಿ, ಒಪ್ಪಿಗೆಗೆ ಕಾಯಬೇಕಾದರೂ.

ಕೆಲಸದ ಕ್ರಮ ಸರಳ. ಎಚ್ಚರಿಕೆಯಲ್ಲಿ ಬಂದ ಹೆಸರನ್ನು ಇನ್ವೆಂಟರಿಯಲ್ಲಿ ಹುಡುಕಿ. ಆ ಫೈಲ್ ನೇರ ಓದಲು ಬರುವುದಿಲ್ಲ. ಮೊದಲ ನಾಲ್ಕು ಸಾಲು ಬಿಟ್ಟರೆ ಉಳಿದದ್ದು ಒತ್ತಿ ಗಂಟು ಕಟ್ಟಿದ್ದು. ಬಿಚ್ಚಿ ತೋರಿಸಲು ಸ್ಫಿಂಕ್ಸ್‌ನಲ್ಲೇ ಒಂದು ಆಜ್ಞೆ ಇದೆ. ಅಲ್ಲಿ ಹೆಸರು, ಜಾತಿ ಎರಡೂ ಕಾಣುತ್ತವೆ. ಊಹೆ ಮಾಡಿ ಒಂದೊಂದೇ ಹೆಸರು ಹಾಕಿ ನೋಡುವುದಕ್ಕಿಂತ ಇದು ಬೇಗ. ನಾನು ಇದನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡೆ, ನಾಚಿಕೆಯ ವಿಷಯ. ಆ ವಸ್ತುವಿಗೆ ಪುಟವೇ ಇಲ್ಲ ಎಂದು ಗೊತ್ತಾದರೆ ಲಿಂಕ್ ತೆಗೆದು ಬರೀ ಹೆಸರು ಬಿಡುವುದೂ ಒಂದು ತಿದ್ದುಪಡಿಯೇ.

ತಿದ್ದುಪಡಿ ಒಪ್ಪಿದ ಮೇಲೂ ಪುಟ ಮತ್ತೆ ತಯಾರಾಗಬೇಕು. ಹಳೆಯ ಆವೃತ್ತಿಗಳ ಪುಟಗಳನ್ನು ಸಾಮಾನ್ಯವಾಗಿ ಯಾರೂ ಮುಟ್ಟುವುದಿಲ್ಲ, ಅಲ್ಲಿ ತಪ್ಪು ಹಾಗೇ ಉಳಿಯುತ್ತದೆ.

ಮುಂದಿನ ವಾರ ಗಲ್ಲಾದವರಿಗೆ ಇಷ್ಟನ್ನೂ ಚಿಕ್ಕದಾಗಿ ಹೇಳಿದೆ. ಅವರು ಚಿಲ್ಲರೆ ಎಣಿಸುತ್ತಾ ಕೇಳಿಸಿಕೊಂಡರು.

"ಹಾಗಾದ್ರೆ ಇಷ್ಟು ದಿನ ಓದಿದವರೆಲ್ಲ ಬೇರೆಯದನ್ನೇ ನೋಡ್ತಿದ್ರಾ?"

"ಹೌದು."

"ಯಾರೂ ಹೇಳ್ಲಿಲ್ವಾ?"

"ಒತ್ತಿದರೆ ತೆರೀತಿತ್ತಲ್ಲ."